ಅವರಿಗೇ ಏಕೆ ಮತ?

ಚುನಾವಣೆ ಬಂದಾಗ ಮಕ್ಕಳು ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಅಪ್ಪಾ, ನೀವು ಯಾರಿಗೆ ವೋಟು ಹಾಕ್ತೀರಿ?’ ಎಂಬುದು. ಇದಕ್ಕೆ ಉತ್ತರ ಸುಲಭ. ಒಂದು ಹೆಸರು ಹೇಳಿದರಾಯಿತು; ಇಲ್ಲವೇ ‘ಅದು ಗುಟ್ಟು’ ಎಂದು ನಕ್ಕು ಸುಮ್ಮನಾದರಾಯಿತು. ಆದರೆ ‘ಅವರಿಗೇ ಏಕೆ?’ ಎಂದು ಮಗಳು ಮುಂದುವರಿಸಿದಳೆಂದರೆ ಹಿರಿಯರು ತಡವರಿಸುತ್ತಾರೆ. ‘ದೊಡ್ಡವಳಾದ ಮೇಲೆ ತಿಳಿಯುತ್ತೆ ಬಿಡು’ ಎಂಬ ಮಾತಿನೊಂದಿಗೆ ಪಾಠ ಮುಗಿಯುತ್ತದೆ. ಹದಿನೆಂಟು ತುಂಬಿದ ದಿನ ಅವಳ ಕೈಗೆ ಮತದಾರರ ಗುರುತಿನ ಚೀಟಿ ಬರುತ್ತದೆ. ಕಾರಣ ಹೇಳುವ ಅಭ್ಯಾಸ ಮಾತ್ರ ಬಂದಿರುವುದಿಲ್ಲ.

ಈ ಎರಡನೆಯ ಪ್ರಶ್ನೆ ಒಮ್ಮೆ ದೇಶದ ಅತಿ ದೊಡ್ಡ ಪಕ್ಷವನ್ನೇ ಒಡೆಯಿತು. ಅದು 1969ರ ರಾಷ್ಟ್ರಪತಿ ಚುನಾವಣೆ. ಪರೀಕ್ಷೆಯಲ್ಲಿ ಒಂದು ಅಂಕದ ಉತ್ತರವಾಗಿ ಮುಗಿದುಹೋಗುವ ಆ ಘಟನೆಯನ್ನು ವಿದ್ಯಾರ್ಥಿಗಳೂ ಪೋಷಕರೂ ಒಟ್ಟಿಗೆ ಕುಳಿತು ಓದುವುದು ಒಳ್ಳೆಯದು. ಅದಕ್ಕೆ ಬೆಂಗಳೂರಿನ ನಂಟೂ ಇದೆ.

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ನಿಧನರಾದರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ, ಹಿಂದಿನ ವರ್ಷದವರೆಗೂ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಜುಲೈ ತಿಂಗಳಲ್ಲಿ ಪಕ್ಷದ ಹಿರಿಯರು ಬೆಂಗಳೂರಿನಲ್ಲಿ ಸೇರಿದಾಗ ಪ್ರಧಾನಿ ಇಂದಿರಾ ಗಾಂಧಿ ಜಗಜೀವನ ರಾಂ ಅವರ ಹೆಸರನ್ನು ಮುಂದಿಟ್ಟರು. ಪಾರ್ಲಿಮೆಂಟರಿ ಮಂಡಳಿ ಅದನ್ನು ಒಪ್ಪದೆ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಅವರನ್ನು ಬಹುಮತದಿಂದ ಆರಿಸಿತು. ಗಿರಿಯವರು ತಾವು ಪಕ್ಷೇತರರಾಗಿ ನಿಲ್ಲುವುದಾಗಿ ಸಾರಿದರು. ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖ್ ಅವರನ್ನು ಬೆಂಬಲಿಸಿದವು.

ಇಂದಿರಾ ಗಾಂಧಿಯವರು ರೆಡ್ಡಿಯವರ ನಾಮಪತ್ರಕ್ಕೆ ಸಹಿ ಮಾಡಿದರು. ಅದರೆ ಮತದಾನ ಹತ್ತಿರ ಬಂದಾಗ, ರೆಡ್ಡಿಯವರಿಗೇ ಮತ ನೀಡುವಂತೆ ಪಕ್ಷದ ಸದಸ್ಯರಿಗೆ ವಿಪ್ ಹೊರಡಿಸಬೇಕೆಂಬ ಒತ್ತಾಯವನ್ನು ಅವರು ಒಪ್ಪಲಿಲ್ಲ. ಸದಸ್ಯರು ತಮ್ಮ ಆತ್ಮಸಾಕ್ಷಿಯಂತೆ ಮತ ನೀಡಲಿ ಎಂದರು. ಅಂದಿನಿಂದ ‘ಆತ್ಮಸಾಕ್ಷಿಯ ಮತ’ ಎಂಬುದು ರಾಜಕೀಯದ ನುಡಿಗಟ್ಟೇ ಆಯಿತು.

ಎರಡೂ ಕಡೆಯವರು ತಮ್ಮ ಆಯ್ಕೆಗೆ ಕೊಟ್ಟ ಕಾರಣಗಳನ್ನು ತೂಗಿ ನೋಡಬೇಕು.

ನಿಜಲಿಂಗಪ್ಪನವರ ವಾದ ನೇರವಾದದ್ದು. ಪಕ್ಷ ಕುಳಿತು, ಚರ್ಚಿಸಿ, ಬಹುಮತದಿಂದ ಒಬ್ಬರನ್ನು ಆರಿಸಿದೆ. ಸೋತವರು ಆ ತೀರ್ಮಾನಕ್ಕೆ ತಲೆಬಾಗದಿದ್ದರೆ ಸಭೆ ಸೇರಿದ್ದಾದರೂ ಏಕೆ? ಈ ಮಾತಿಗೆ ತೂಕವಿದೆ. ಆದರೆ ಅವರು ಸ್ವತಂತ್ರ ಪಕ್ಷ, ಜನಸಂಘಗಳ ನಾಯಕರನ್ನು ಕಂಡು, ಅವರ ಸದಸ್ಯರ ಎರಡನೆಯ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಬರಲಿ ಎಂದು ಕೇಳಿಕೊಂಡರು. ಚುನಾವಣೆಯಲ್ಲಿ ಮತ ಕೇಳುವುದು ತಪ್ಪಲ್ಲ. ಆದರೂ ಹಿಂದಿನ ಚುನಾವಣೆಯಲ್ಲಿ ತಮ್ಮ ಎದುರು ನಿಂತಿದ್ದ ಪಕ್ಷಗಳ ಬಳಿಗೆ ಅಧ್ಯಕ್ಷರೇ ಹೋದದ್ದು ಏಕೆಂದು ಕಾಂಗ್ರೆಸ್ಸಿನೊಳಗಿನಿಂದಲೇ ವಿವರಣೆ ಕೇಳಿ ಪತ್ರ ಬಂತು.

ಇಂದಿರಾ ಅವರ ಕಡೆಯವರು ಹಿಡಿದದ್ದು ಇದನ್ನೇ. ಸಹಿ ಮಾಡಿದ ಮೇಲೆ ಹೊಸ ಸಂಗತಿ ತಿಳಿದರೆ ಮನಸ್ಸು ಬದಲಿಸಬಾರದೇ? ಖಂಡಿತ ಬದಲಿಸಬಹುದು. ಆದರೆ ಬೆಂಗಳೂರಿನಲ್ಲೇ ಅವರಿಗೆ ರೆಡ್ಡಿಯವರ ಹೆಸರು ಬೇಕಿರಲಿಲ್ಲ. ಪಕ್ಷದ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಜಗಳ ಆಗಲೇ ಇತ್ತು. ಅದೇ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಅವರ ಕೈಯಿಂದ ಹಣಕಾಸು ಖಾತೆ ಹೋಗಿತ್ತು, 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ಹಾಗಾಗಿ ಹೊಸ ಸಂಗತಿ ಕಾರಣದ ಒಂದು ಭಾಗವೇ ಹೊರತು ಪೂರ್ಣ ಕಾರಣವಾಗಿರಲಿಲ್ಲ. ಆತ್ಮಸಾಕ್ಷಿ ಎಂಬುದು ಘನವಾದ ಮಾತು. ಆದರೆ ಆ ಮಾತು ಹೇಳಿದ ಕೂಡಲೇ ಮುಂದಿನ ಪ್ರಶ್ನೆಗೆ ಬಾಗಿಲು ಮುಚ್ಚಿಕೊಳ್ಳುವ ಅಪಾಯವಿದೆ. ‘ಪಕ್ಷ ಹೇಳಿತು’ ಎನ್ನುವವನಂತೆ ‘ನನ್ನ ಮನಸ್ಸು ಹೇಳಿತು’ ಎನ್ನುವವನೂ ಕಾರಣ ಹೇಳದೆ ತಪ್ಪಿಸಿಕೊಳ್ಳಬಹುದು.

ಈ ಗದ್ದಲದಲ್ಲಿ ಹಿಂದೆ ಸರಿದದ್ದು ಮುಖ್ಯ ಪ್ರಶ್ನೆ. ರಾಷ್ಟ್ರಪತಿಯ ಕೆಲಸಕ್ಕೆ ಮೂವರಲ್ಲಿ ಯಾರು ತಕ್ಕವರು? ಗಿರಿಯವರು ಕಾರ್ಮಿಕ ಸಂಘಟನೆಯಲ್ಲಿ ಬೆಳೆದವರು, ಮೈಸೂರು ಸೇರಿದಂತೆ ಮೂರು ರಾಜ್ಯಗಳ ರಾಜ್ಯಪಾಲರಾಗಿದ್ದವರು. ರೆಡ್ಡಿಯವರು ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ದೇಶಮುಖ್ ಅವರು ಹಣಕಾಸು ಸಚಿವರಾಗಿ ಹೆಸರು ಮಾಡಿದವರು. ಮೂವರೂ ಯೋಗ್ಯರೇ. ಹಾಗಿರುವಾಗಲೇ ಕಾರಣ ಹೇಳುವುದು ಕಷ್ಟ, ಹೇಳುವುದು ಅಗತ್ಯವೂ ಹೌದು.

ಆಗಸ್ಟ್ 16ರಂದು ಮತದಾನ ನಡೆಯಿತು, 20ರಂದು ಎಣಿಕೆ. ಈ ಚುನಾವಣೆಯಲ್ಲಿ ಮತ ಹಾಕುವವರು ಚುನಾಯಿತ ಸಂಸದರು ಮತ್ತು ಶಾಸಕರು. ಶಾಸಕರ ಮತದ ಮೌಲ್ಯ ರಾಜ್ಯದ ಜನಸಂಖ್ಯೆಯನ್ನು ಅವಲಂಬಿಸಿದೆ. 1971ರ ಜನಗಣತಿಯ ಆಧಾರದ ಮೇಲೆ 2022ರ ಚುನಾವಣೆಯಲ್ಲಿ ಕರ್ನಾಟಕದ ಪ್ರತಿ ಶಾಸಕರ ಮತದ ಮೌಲ್ಯ 131 ಆಗಿತ್ತು. ಉತ್ತರಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ 7. ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ.

1969ರಲ್ಲಿ ಸಿಂಧು ಮತಗಳ ಒಟ್ಟು ಮೌಲ್ಯ 8,36,337. ಗೆಲ್ಲಲು 4,18,169 ಬೇಕಿತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769. ಯಾರಿಗೂ ಗೆಲುವಿನ ಅಂಕಿ ಸಿಗಲಿಲ್ಲ. ಆಗ ಹಿಂದುಳಿದ ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯವನ್ನು ಎಣಿಸಲಾಯಿತು. ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427.

ಈ ಲೆಕ್ಕವನ್ನು ಮಕ್ಕಳು ಸ್ವತಃ ಮಾಡಿ ನೋಡಲಿ. ಮುಂದಿನ ಪ್ರಾಶಸ್ತ್ಯಗಳಿಂದ ರೆಡ್ಡಿಯವರಿಗೆ ಸೇರಿದ್ದು 91,879. ಗಿರಿಯವರಿಗೆ ಸೇರಿದ್ದು ಬರೀ 18,562. ಎಂದರೆ ಎರಡನೆಯ ಮತ ಹೆಚ್ಚಾಗಿ ಹೋದದ್ದು ಸೋತವರಿಗೆ! ಆದರೆ ಗಿರಿಯವರಿಗೆ ಬೇಕಾಗಿದ್ದದ್ದು 16,654 ಮಾತ್ರ. ಇನ್ನೊಬ್ಬರನ್ನು ಮೊದಲ ಆಯ್ಕೆಯಾಗಿ ಬರೆದ ಕೆಲವರು ಮುಂದಿನ ಆಯ್ಕೆಯನ್ನೂ ಯೋಚಿಸಿ ಬರೆದದ್ದರಿಂದ ದೇಶದ ರಾಷ್ಟ್ರಪತಿ ಯಾರೆಂಬುದು ತೀರ್ಮಾನವಾಯಿತು.

ಮುಂದಿನ ಕಥೆಯೂ ತಿಳಿದಿರಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಎರಡಾಯಿತು. ಗಿರಿಯವರ ಆಯ್ಕೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ ರಾಷ್ಟ್ರಪತಿಯೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಅಂದು ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಒಮ್ಮೆ ಬೇಡವೆನಿಸಿದವರು ಎಂದೆಂದಿಗೂ ಅಯೋಗ್ಯರಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಇದರಿಂದ ಮನೆಯಲ್ಲಿ ಕಲಿಯಬಹುದಾದದ್ದೇನು? ಯಾರಿಗೆ ಮತ ಎಂಬುದನ್ನು ಹೇಳಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ರಾಷ್ಟ್ರಪತಿ ಚುನಾವಣೆಯಲ್ಲೂ ಗುಪ್ತ ಮತದಾನವೇ. ಪಕ್ಷಗಳು ಅದರಲ್ಲಿ ವಿಪ್ ಹೊರಡಿಸುವಂತಿಲ್ಲ ಎಂಬುದನ್ನು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. ಹೆಸರನ್ನು ಗುಟ್ಟಾಗಿಡುವುದು ಹಕ್ಕು. ಆದರೆ ತನಗೆ ತಾನೇ ಕಾರಣ ಹೇಳಿಕೊಳ್ಳದಿರುವುದು ಸೋಮಾರಿತನ.

ಆ ಕಾರಣವನ್ನು ಒರೆಗೆ ಹಚ್ಚಲು ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು, ಆ ಹುದ್ದೆಯ ಕೆಲಸವೇನು, ಈ ವ್ಯಕ್ತಿಯ ಯಾವ ಗುಣ ಅದಕ್ಕೆ ಬೇಕು? ಎರಡನೆಯದು, ಇದೇ ಗುಣ ಎದುರಾಳಿಯಲ್ಲಿದ್ದರೆ ಅದನ್ನು ಒಪ್ಪುತ್ತಿದ್ದೆನೇ? 2007ರಲ್ಲಿ ಶಿವಸೇನೆ ತನ್ನ ಮೈತ್ರಿಕೂಟದ ಅಭ್ಯರ್ಥಿಯನ್ನು ಬಿಟ್ಟು, ಮಹಾರಾಷ್ಟ್ರದವರೆಂಬ ಕಾರಣಕ್ಕೆ ಪ್ರತಿಭಾ ಪಾಟೀಲ್ ಅವರನ್ನು ಬೆಂಬಲಿಸಿತು. ಬಚ್ಚಿಡದೆ ಹೇಳಿದ ಕಾರಣ ಅದು. ‘ನಮ್ಮ ಊರಿನವರು’ ಎಂಬ ಅಭಿಮಾನ ಸಹಜ. ಅದೊಂದೇ ಸಾಕೇ ಎಂಬುದನ್ನು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು. ಮೂರನೆಯದು, ಇವರಲ್ಲದಿದ್ದರೆ ಯಾರು? ಎರಡನೆಯ ಆಯ್ಕೆಯೇ ಹೊಳೆಯದವರು ಬಹುಶಃ ಮೊದಲನೆಯದನ್ನೂ ಹೋಲಿಸಿ ನೋಡಿರುವುದಿಲ್ಲ.

ಶಾಲೆಗಳಲ್ಲಿ ತರಗತಿಯ ನಾಯಕನ ಆಯ್ಕೆ ಪ್ರತಿ ವರ್ಷ ನಡೆಯುತ್ತದೆ. ಕೈ ಎತ್ತಿಸುವ ಬದಲು ಒಮ್ಮೆ 1, 2, 3 ಎಂದು ಚೀಟಿಯಲ್ಲಿ ಬರೆಸಿ, ರಾಷ್ಟ್ರಪತಿ ಚುನಾವಣೆಯಂತೆಯೇ ಎಣಿಸಿ ನೋಡಬಹುದು. ಹೆಸರು ಬರೆಯದ ಇನ್ನೊಂದು ಚೀಟಿಯಲ್ಲಿ ಮಕ್ಕಳು ತಮ್ಮ ಆಯ್ಕೆಯ ಕಾರಣವನ್ನು ಎರಡೇ ಸಾಲಿನಲ್ಲಿ ಬರೆಯಲಿ. ಉಪಾಧ್ಯಾಯರು ಅವನ್ನು ಓದಿ ಹೇಳಲಿ. ‘ಅವನು ನನ್ನ ಸ್ನೇಹಿತ’ ಎಂಬ ಚೀಟಿ ಎಷ್ಟು, ‘ಅವಳು ಜಗಳ ಬಿಡಿಸುತ್ತಾಳೆ’ ಎಂಬ ಚೀಟಿ ಎಷ್ಟು ಎಂಬುದು ಇಡೀ ತರಗತಿಗೆ ತಿಳಿಯುತ್ತದೆ. ಅದೇ ಎರಡು ಸಾಲನ್ನು ಮುಂದಿನ ಚುನಾವಣೆಯ ಹಿಂದಿನ ರಾತ್ರಿ ಅಪ್ಪ ಅಮ್ಮಂದಿರೂ ಬರೆದು ನೋಡಲಿ. ಯಾರಿಗೂ ತೋರಿಸಬೇಕಾಗಿಲ್ಲ.