ಬಾಯಿ ಕಟ್ಟಿದರೆ ಸಾಲದೆ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರನ್ನು ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಅದಕ್ಕಾಗಿ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೆ? ಬಾಯಿ ಕಟ್ಟಿದರೆ ಸಾಲದೆ?" ಕೇಳುವವರಲ್ಲಿ ಕೆಡುಕಿರುವುದಿಲ್ಲ, ಹಿರಿಯರಾದರೆ ಅಕ್ಕರೆಯೇ ಇರುತ್ತದೆ. ಆದರೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಳ್ಳುವವರನ್ನು ಯಾರೂ ಹೀಗೆ ವಿಚಾರಿಸುವುದಿಲ್ಲ. ಅವರನ್ನು ನೋಡಲು ಸೇಬು, ಮೋಸಂಬಿ ಹಿಡಿದು ಹೋಗುತ್ತಾರೆ. ಸ್ಥೂಲಕಾಯದವರ ವಿಷಯದಲ್ಲಿ ಮಾತ್ರ ಮೊದಲು ಶೀಲದ ವಿಚಾರಣೆ, ಆಮೇಲೆ ಕ್ಷೇಮಸಮಾಚಾರ. ಹಾಗಾಗಿಯೇ ಎಷ್ಟೋ ಮಂದಿ ಈ ಚಿಕಿತ್ಸೆಯನ್ನು ಗುಟ್ಟಾಗಿ ಮಾಡಿಸಿಕೊಳ್ಳುತ್ತಾರೆ. ನೆರೆಹೊರೆಗೆ ಹರ್ನಿಯಾ ಎನ್ನುತ್ತಾರೆ, ಊರಿನವರಿಗೆ ಪಿತ್ತಕೋಶದ ಕಲ್ಲು ಎನ್ನುತ್ತಾರೆ. ಈ ಗುಟ್ಟೇ ಇಡೀ ಚಿಕಿತ್ಸೆಯ ಅತ್ಯಂತ ದುಬಾರಿ ಭಾಗವೆಂಬುದು ನಮ್ಮ ಅಭಿಪ್ರಾಯ. ಅದನ್ನು ಒಡೆಯುವ ಕೆಲಸ ವೈದ್ಯರಿಂದ ಆಗುವಂಥದಲ್ಲ. ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದಿರುವ ರೋಗಿಗಳಿಂದ ಮಾತ್ರ ಸಾಧ್ಯ.

ನಾವು ಎಂದರೆ ಮುಂಬಯಿಯ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಪರಸ್ಪರ ಪರಿಚಿತರಾದ ಎಂಟು ಮಂದಿ. ಕನ್ನಡಿಗರು ಇಬ್ಬರೇ. ಉಳಿದವರಲ್ಲಿ ಒಬ್ಬರು ನಿವೃತ್ತ ಮರಾಠಿ ಶಿಕ್ಷಕಿ, ಒಬ್ಬರು ಬಟ್ಟೆ ಅಂಗಡಿಯ ಗುಜರಾತಿ ಗೃಹಸ್ಥರು, ಒಬ್ಬ ತಮಿಳು ಹುಡುಗ ಬ್ಯಾಂಕಿನಲ್ಲಿದ್ದಾನೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರೂ ಇದ್ದೇವೆ. ಕೆಲವರದು ಮುಗಿದು ವರ್ಷಗಳಾಗಿವೆ, ಕೆಲವರು ಇನ್ನೂ ಸಿದ್ಧತೆಯ ಹಂತದಲ್ಲಿದ್ದೇವೆ. ಎಂಟು ಜನರಿಗೆ ಐದು ಮಾತೃಭಾಷೆ. ಆದರೆ ಲೋಕಲ್ ರೈಲಿನ ನಾಲ್ಕನೆಯ ಸೀಟಿನ ಸಂಕಟವನ್ನು ಯಾರೂ ಯಾರಿಗೂ ಅನುವಾದಿಸಿ ಹೇಳಬೇಕಾಗಲಿಲ್ಲ. ಮೂವರ ಹಲಗೆಯಲ್ಲಿ ನಾಲ್ವರು ಕೂರುವುದು ಈ ನಗರದ ಅಲಿಖಿತ ಕಾನೂನು. ನಮ್ಮಂಥವರು ಕೂತ ಹಲಗೆಯ ಮುಂದೆ ನಿಂತವರು ಮೊದಲು ಹಲಗೆಯನ್ನು, ಆಮೇಲೆ ನಮ್ಮನ್ನು ಅಳೆಯುತ್ತಾರೆ. ಬಾಯಲ್ಲಿ ಏನೂ ಅನ್ನುವುದಿಲ್ಲ. ಡೊಂಬಿವಲಿಯಿಂದ ದಾದರಿನವರೆಗೆ ನಿಂತೇ ಬರುವುದನ್ನು ರೂಢಿಸಿಕೊಂಡವರು ನಮ್ಮಲ್ಲಿ ಮೂವರು, ಮಂಡಿನೋವಿದ್ದರೂ.

ಕನ್ನಡದಲ್ಲಿ ದಪ್ಪಗಿರುವವರಿಗೆ ಕಾಲಕ್ಕೆ ತಕ್ಕ ಮಾತುಗಳಿವೆ. ಎಳವೆಯಲ್ಲಿ "ಮೈಕೈ ತುಂಬಿಕೊಂಡು ಲಕ್ಷಣವಾಗಿದೆ". ಇಪ್ಪತ್ತು ದಾಟಿದ ಮೇಲೆ ಡುಮ್ಮ, ಠೊಣಪ, ಧಡೂತಿ. ತೂಕ ಇಳಿದ ಮೇಲೆ ಇನ್ನೊಂದು ಕಾದಿರುತ್ತದೆ: "ಏನಿದು, ಇಷ್ಟು ಸೊರಗಿಬಿಟ್ಟಿದ್ದೀರಿ! ಎಲ್ಲ ಸರಿಯಾಗಿದೆಯಷ್ಟೆ?" ಸೂಸನ್ ಸೊಂಟಾಗ್ 1978ರ 'ಇಲ್‌ನೆಸ್ ಆ್ಯಸ್ ಮೆಟಫರ್' ಕೃತಿಯಲ್ಲಿ ಕ್ಷಯಕ್ಕೂ ಕ್ಯಾನ್ಸರಿಗೂ ಸಮಾಜ ಅಂಟಿಸಿದ ಅರ್ಥಗಳನ್ನು ಬಿಡಿಸಿ ನೋಡಿದರು, ರೋಗಿಯ ಸ್ವಭಾವದಲ್ಲೇ ರೋಗದ ಮೂಲವನ್ನು ಹುಡುಕುವುದು ರೋಗಿಗೆ ಮಾಡುವ ಎರಡನೆಯ ಅನ್ಯಾಯವೆಂಬುದು ಅವರ ವಾದದ ಸಾರ. ಇಂಗ್ಲಿಷ್ ಎಂ.ಎ. ಓದುವ ಕಾಲದಲ್ಲಿ ಅದು ನಮಗೆ ಟಿಪ್ಪಣಿ ಬರೆದುಕೊಳ್ಳುವ ಪಠ್ಯವಾಗಿತ್ತು. ಬೊಜ್ಜಿನ ಬಗೆಗೂ ಅಂಥದೊಂದು ಪುಸ್ತಕ ಬರೆಯುವಷ್ಟು ಸಾಮಗ್ರಿ ನಮ್ಮ ಮದುವೆಮನೆಗಳಲ್ಲೇ ಸಿಗುತ್ತದೆ ಎಂದು ಈಗ ಅನ್ನಿಸುತ್ತದೆ.

ಬಾಯಿ ಕಟ್ಟುವ ಪ್ರಶ್ನೆಗೆ ಶರೀರಶಾಸ್ತ್ರದ ಉತ್ತರವಿದೆ. ಪಥ್ಯದಿಂದ ತೂಕ ಇಳಿದಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ದೇಹ ಶಕ್ತಿಯನ್ನು ವ್ಯಯಿಸುವುದರಲ್ಲಿ ಜಿಪುಣವಾಗುತ್ತದೆ, ಇಳಿದ ತೂಕ ಮರಳುತ್ತದೆ. ನಮ್ಮ ಎಂಟು ಜನರಲ್ಲಿ ಹತ್ತು ಕಿಲೊ ಇಳಿಸಿ ಹನ್ನೆರಡು ಏರಿಸಿಕೊಳ್ಳದವರು ಯಾರೂ ಇಲ್ಲ. ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚನ್ನೇ ಕತ್ತರಿಸಿ ತೆಗೆಯುತ್ತಾರೆ. ಗ್ರೆಲಿನ್ ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಅದರೊಂದಿಗೆ ಹೋಗುತ್ತದೆ. ಬೈಪಾಸಿನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಈಗ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳೂ ಬಂದಿವೆ. ಯಾವುದು ಯಾರಿಗೆ ಎಂಬುದು ವೈದ್ಯರ ಪ್ರಾಂತ. ಅಲ್ಲಿಗೆ ನಾವು ಕಾಲಿಡುವುದಿಲ್ಲ.

ಹಣದ ಮಾತನ್ನೂ ಇಲ್ಲೇ ಮುಗಿಸಿಬಿಡುವುದು ಒಳಿತು. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ವಿಮೆಯ ಹಣ ಸಿಗಬೇಕಾದರೆ ಬಿ.ಎಂ.ಐ. 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಮಧುಮೇಹ, ತೀವ್ರ ನಿದ್ರಾ ಉಸಿರುಕಟ್ಟುವಿಕೆಯಂಥ ಗಂಭೀರ ತೊಂದರೆ ಜೊತೆಗಿರಬೇಕು. ಐದಡಿ ಐದಂಗುಲ ಎತ್ತರದವರಿಗೆ 40 ಎಂದರೆ ಸುಮಾರು 109 ಕಿಲೊ. ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು 2022ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ, ಅಂದರೆ ಅದೇ ಎತ್ತರಕ್ಕೆ ಸುಮಾರು 75 ಕಿಲೊದಿಂದಲೇ, ಈ ಚಿಕಿತ್ಸೆಯನ್ನು ಮುಂದಿಡಬಹುದು ಎನ್ನುತ್ತದೆ. ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆಗೆ ಬಲಿಯಾಗುವ ಮೈ ನಮ್ಮದು ಎಂಬುದು ಅದಕ್ಕೆ ಕಾರಣ. ವೈದ್ಯಶಾಸ್ತ್ರಕ್ಕೂ ವಿಮಾಶಾಸ್ತ್ರಕ್ಕೂ ನಡುವೆ 34 ಕಿಲೊ ಅಂತರ! ಕಡತಗಳ ನಡುವೆ ಬದುಕುವ ನಮಗೆ ಇದರಿಂದ ಆಶ್ಚರ್ಯವೇನೂ ಆಗಲಿಲ್ಲ.

ಇನ್ನು ಸಿದ್ಧತೆ. ಆಸ್ಪತ್ರೆ ಕೊಡುವ ಪಟ್ಟಿ ಉದ್ದವಾಗಿರುತ್ತದೆ: ರಕ್ತಪರೀಕ್ಷೆಗಳು, ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನಿಂಗ್, ಹೃದಯದ ತಪಾಸಣೆ, ನಿದ್ರೆಯ ಅಧ್ಯಯನ, ಆಹಾರತಜ್ಞರ ಭೇಟಿ, ಮನೋವೈದ್ಯರ ಭೇಟಿ. ಧೂಮಪಾನ ಸಂಪೂರ್ಣ ನಿಲ್ಲಬೇಕು. ಶಸ್ತ್ರಚಿಕಿತ್ಸೆಗೆ ಮೊದಲಿನ ಎರಡು ವಾರ ಸಾಮಾನ್ಯವಾಗಿ ಅತಿ ಕಡಿಮೆ ಕ್ಯಾಲೊರಿಯ, ಬಹುಪಾಲು ದ್ರವರೂಪದ ಆಹಾರ. ಕಾಗದದ ಮೇಲೆ ಇದೆಲ್ಲ ಸ್ಪಷ್ಟವಾಗಿಯೇ ಇರುತ್ತದೆ. ಕಾಗದದಿಂದ ಅಡುಗೆಮನೆಗೆ ಬರುವಾಗ ತೊಡಕು ಶುರುವಾಗುತ್ತದೆ.

ಆ ಎರಡು ವಾರಗಳನ್ನೇ ನೋಡಿ. ಅದು ಶಿಕ್ಷೆಯಲ್ಲ, ಪರೀಕ್ಷೆಯೂ ಅಲ್ಲ. ಕೊಬ್ಬು ತುಂಬಿ ಹಿಗ್ಗಿದ ಯಕೃತ್ತು ಜಠರದ ಮೇಲೆ ಕವಿದುಕೊಂಡಿರುತ್ತದೆ. ಅದು ಕುಗ್ಗಿದರೆ ಶಸ್ತ್ರವೈದ್ಯರ ಉಪಕರಣಗಳಿಗೆ ಅದರಡಿಯಲ್ಲಿ ಜಾಗ ಸಿಗುತ್ತದೆ. ಈ ಸರಳ ಕಾರಣವನ್ನು ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಹೇಳಿದವರು ನಮ್ಮ ಶಿಕ್ಷಕಿ, ಬೆಂಚಿನ ಮೇಲೆ, ಒಂದು ಅಂಗೈಯನ್ನು ಇನ್ನೊಂದರ ಮೇಲಿಟ್ಟು ತೋರಿಸಿ. ಕಾರಣ ತಿಳಿದವರು ಮೂರನೆಯ ದಿನದ ತಲೆನೋವನ್ನು ಸಹಿಸಿಕೊಳ್ಳುತ್ತಾರೆ. ತಿಳಿಯದವರು ನಾಲ್ಕನೆಯ ದಿನ, ಒಂದು ದಿನಕ್ಕೇನಾದೀತು ಎಂದು ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಸ್ವೀಕರಿಸುತ್ತಾರೆ.

ಮೂರು ಚೆಂಡುಗಳ ಆ ಪ್ಲಾಸ್ಟಿಕ್ ಉಪಕರಣವೂ ಹಾಗೆಯೇ. ಶ್ವಾಸಕೋಶದ ವ್ಯಾಯಾಮಕ್ಕೆಂದು ಮನೆಗೆ ಕೊಟ್ಟು ಕಳಿಸುತ್ತಾರೆ. ನೋಡಿದರೆ ಊದಬೇಕೆಂದೇ ಎಲ್ಲರಿಗೂ ಅನ್ನಿಸುತ್ತದೆ. ಊದುವುದಲ್ಲ, ಉಸಿರನ್ನು ಒಳಕ್ಕೆಳೆದು ಚೆಂಡುಗಳನ್ನು ಮೇಲೇರಿಸುವುದು. ತಮಿಳು ಹುಡುಗ ಇದನ್ನು ತನ್ನ ಬಾಯಿಂದಲೇ ಮಾಡಿ ತೋರಿಸಿದ. ನಿದ್ರೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರವನ್ನು ದಾಖಲಾಗುವ ದಿನ ಮರೆಯದೆ ಜೊತೆಗೆ ಒಯ್ಯಬೇಕೆಂಬುದು, ಅಂದೇ ಸಂಜೆ ಎಬ್ಬಿಸಿ ನಡೆಸಿದರೆ ಗಾಬರಿಯಾಗಬಾರದೆಂಬುದು, ಕಾಲಿನ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆ ನಡಿಗೆ ಎಂಬುದು, ಎಲ್ಲವೂ ಹೀಗೇ ಬೆಂಚಿನ ಮೇಲೆ ಕೈ ಬದಲಾಯಿಸಿದ ತಿಳಿವು.

ಕನ್ನಡಿಗರಿಗೆ ಸಾರಿನ ವಿಷಯದಲ್ಲಿ ಒಂದು ಪಾಠ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೊದಲು ತಿಳಿದ್ರವ, ಆಮೇಲೆ ಗಟ್ಟಿದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು ಎಂಬ ಕ್ರಮವಿದೆ. ತಿಳಿಸಾರು, ರಾಗಿ ಗಂಜಿ, ಮಜ್ಜಿಗೆ ಇದ್ದರೆ ಸಂಸಾರ ನಡೆಯಿತು ಎಂದು ನಮ್ಮ ಅಮ್ಮಂದಿರು ನಂಬುತ್ತಾರೆ. ಆದರೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ದೇಹಕ್ಕೆ ಬೇಕು, ಜಠರವೋ ಒಮ್ಮೆಗೆ ಪುಟ್ಟ ಬಟ್ಟಲಿನಷ್ಟನ್ನೇ ಹಿಡಿಸಿಕೊಳ್ಳುತ್ತದೆ. ಸಾರಿನಲ್ಲಿ ರುಚಿಯಿದೆ, ಪ್ರೋಟೀನು ಕಡಿಮೆ. ಸಸ್ಯಾಹಾರಿಗಳಿಗಂತೂ ಈ ಲೆಕ್ಕ ಕಷ್ಟದ್ದು. ಪ್ರೋಟೀನು ಪುಡಿಯನ್ನು ಮಜ್ಜಿಗೆಗೆ ಹೇಗೆ ಕದಡಬೇಕು, ಹೆಸರುಬೇಳೆಯನ್ನು ಎಷ್ಟು ನುಣ್ಣಗೆ ಬೇಯಿಸಿ ಕಡೆಯಬೇಕು, ಪನೀರನ್ನು ಹೇಗೆ ಮಸೆದು ತಿನ್ನಬೇಕು ಎಂಬುದನ್ನು ಆಹಾರತಜ್ಞೆಯ ಮುದ್ರಿತ ಹಾಳೆಗಿಂತ ಚೆನ್ನಾಗಿ ಕಲಿಸಿದವರು ಆ ಗುಜರಾತಿ ಗೃಹಸ್ಥರ ಪತ್ನಿ. ಊಟದ ನಡುವೆ ನೀರು ಕುಡಿಯಬಾರದೆಂಬ ನಿಯಮವನ್ನು ತುತ್ತಿಗೊಂದು ಗುಟುಕು ಕುಡಿಯುವ ಮುಂಬಯಿಯ ಸೆಖೆಯಲ್ಲಿ ಪಾಲಿಸುವ ಉಪಾಯವನ್ನೂ ಅವರೇ ಹೇಳಿಕೊಟ್ಟರು: ಲೋಟವನ್ನು ಕೋಣೆಯಿಂದ ಆಚೆ ಇಡುವುದು.

ಮೂರು ತಿಂಗಳಾದ ಮೇಲೆ ಕೂದಲು ಉದುರತೊಡಗಿದಾಗ ಹೆಂಗಸರು ಅಳುತ್ತಾರೆ. "ನನ್ನದೂ ಹೀಗೇ ಹೋಯಿತು, ತಿರುಗಿ ಬಂತು, ನೋಡಮ್ಮ" ಎಂದು ತನ್ನ ಜಡೆಯನ್ನು ಮುಂದಕ್ಕೆಳೆದು ತೋರಿಸುವ ಇನ್ನೊಬ್ಬ ಹೆಂಗಸು ಎದುರಿಗಿದ್ದರೆ ಬೇರೆ ಸಮಾಧಾನ ಬೇಡ.

ಆದರೆ ಬೆಂಚಿನ ಜ್ಞಾನಕ್ಕೆ ಎಲ್ಲೆಯೂ ಇದೆ, ಅದನ್ನು ಹೇಳದಿದ್ದರೆ ಈ ಬರಹ ಅಪಾಯಕಾರಿಯಾದೀತು. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಅನೇಕರ ಮಧುಮೇಹದ ಔಷಧ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ, ಯಾವಾಗ ಎಂಬುದು ಅವರವರ ರಕ್ತದ ಲೆಕ್ಕ. ಪಕ್ಕದವರ ಮಾತ್ರೆ ನೋಡಿ ನಮ್ಮದನ್ನು ನಿಲ್ಲಿಸುವಂತಿಲ್ಲ. ಮಂಡಿನೋವಿಗೆ ಅಂಗಡಿಯಲ್ಲಿ ಕೊಳ್ಳುವ ನೋವಿನ ಮಾತ್ರೆ ಬೈಪಾಸ್ ಆದವರಲ್ಲಿ ಹುಣ್ಣು ತರಬಲ್ಲದು. ಬಿ12, ಕಬ್ಬಿಣ, ಡಿ ಜೀವಸತ್ವಗಳ ಮಾತ್ರೆಗಳನ್ನು "ನಾನು ಬಿಟ್ಟು ವರ್ಷವಾಯಿತು, ಏನೂ ಆಗಿಲ್ಲ" ಎನ್ನುವ ಧೀರರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಬಲು ಸೊಗಸಾಗಿರುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಅಡುಗೆ, ಬಟ್ಟೆ, ಪ್ರಯಾಣ, ಅಳು, ಇವೆಲ್ಲ ಬೆಂಚಿಗೆ; ಮಾತ್ರೆ ವೈದ್ಯರಿಗೆ.

ಇನ್ನೊಂದು ಬಗೆಯ ಕೂಟವೂ ಇದೆ, ಅದರ ಬಗ್ಗೆ ನಮಗೆ ಅಷ್ಟು ಗೌರವವಿಲ್ಲ. ಹೋಟೆಲಿನ ಸಭಾಂಗಣದಲ್ಲಿ ತೆರೆಯ ಮೇಲೆ ಹಿಂದಿನ ಚಿತ್ರ, ಇಂದಿನ ಚಿತ್ರ. ವೇದಿಕೆಯ ಮೇಲೆ ಐವತ್ತು ಕಿಲೊ ಕಳೆದುಕೊಂಡವರು ಹಳೆಯ ಪ್ಯಾಂಟನ್ನು ಎತ್ತಿ ಹಿಡಿದು ಚಪ್ಪಾಳೆ ಗಿಟ್ಟಿಸುತ್ತಾರೆ. ಗಮನಿಸಿದರೆ ಅವರೆಲ್ಲ ಒಂದು ಒಂದೂವರೆ ವರ್ಷದ ಹಿಂದೆ ಮಾಡಿಸಿಕೊಂಡವರು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದು ಶಸ್ತ್ರಚಿಕಿತ್ಸೆಯಾದ ಸುಮಾರು ಎರಡು ಸಾವಿರ ಮಂದಿಯನ್ನೂ ಆಗದ ಅಷ್ಟೇ ಮಂದಿಯನ್ನೂ ದಶಕಗಳ ಕಾಲ ಹಿಂಬಾಲಿಸಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು 2007ರಲ್ಲಿ ಅದು ವರದಿ ಮಾಡಿತು. ನಮಗೆ ಧೈರ್ಯ ಕೊಟ್ಟ ಸಂಗತಿ ಅದು. ತೂಕ ಅತಿ ಹೆಚ್ಚು ಇಳಿದಿರುವುದು ಮೊದಲೊಂದೆರಡು ವರ್ಷಗಳಲ್ಲಿ, ಆಮೇಲೆ ಅದರಲ್ಲಿ ಒಂದು ಪಾಲು ಮರಳುತ್ತದೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿದೆ. ಅಂದಿನ ವಿಧಾನಗಳು ಇಂದಿನವಲ್ಲ, ನಿಜ. ಆದರೂ ಶಿಖರದ ಮೇಲೆ ನಿಂತವರನ್ನಷ್ಟೇ ಕರೆತಂದು ತೋರಿಸಿದರೆ ನೋಡುವವರಿಗೆ ಇಳಿಜಾರಿನ ಸುದ್ದಿ ತಿಳಿಯುವುದೆಂತು?

ನಮ್ಮ ಶಿಕ್ಷಕಿಗೆ ಆರು ವರ್ಷವಾಗಿದೆ. ಕಳೆದುಕೊಂಡ 38 ಕಿಲೊದಲ್ಲಿ 11 ಮರಳಿವೆ. "ಸಕ್ಕರೆಯ ಮಾತ್ರೆ ಇಲ್ಲ, ಮಾತುಂಗಾದ ಸೇತುವೆ ಹತ್ತುತ್ತೇನೆ, ಆದರೆ ರಾತ್ರಿ ಹನ್ನೊಂದಕ್ಕೆ ಫರಸಾಣದ ಡಬ್ಬಿ ಈಗಲೂ ಕರೆಯುತ್ತದೆ" ಎನ್ನುತ್ತಾರೆ. ನಮ್ಮಲ್ಲಿ ಇನ್ನೊಬ್ಬರದು ಹೆಚ್ಚೂಕಡಿಮೆ ಪೂರ್ತಿ ಮರಳಿದೆ. ಅವರು ಮುಖ ತೋರಿಸಲು ನಾಚಿ ಒಂದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮರಳಿ ಬಂದು ಬೆಂಚಿನ ಮೇಲೆ ಕುಳಿತ ದಿನ ಅವರಾಡಿದ ಮಾತುಗಳು ಸಿದ್ಧತೆಯಲ್ಲಿದ್ದವರಿಗೆ ಯಾವ ಭಾಷಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದವು. ಒಬ್ಬರು ಅದನ್ನು ಕೇಳಿದ ಮೇಲೆ ದಿನಾಂಕವನ್ನು ಆರು ತಿಂಗಳು ಮುಂದೂಡಿದರು. ಅದೂ ಸರಿಯಾದ ನಿರ್ಧಾರವೇ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆದ ಜಠರವನ್ನು ತಿರುಗಿ ಜೋಡಿಸಲಾಗುವುದಿಲ್ಲ.

ಆದುದರಿಂದ ನಮ್ಮ ವಾದವಿಷ್ಟು: ಎಂಡೋಸ್ಕೋಪಿಯ ವರದಿ ಇಲ್ಲದೆ ಕಡತ ಮುಂದೆ ಹೋಗದಿರುವಂತೆ, ಐದು ವರ್ಷ ದಾಟಿದ ಇಬ್ಬರು ರೋಗಿಗಳೊಡನೆ ಕುಳಿತು ಮಾತನಾಡದೆಯೂ ಅದು ಮುಂದೆ ಹೋಗಬಾರದು. ಆ ಇಬ್ಬರಲ್ಲಿ ಒಬ್ಬರಾದರೂ ತೂಕ ಮರಳಿದವರಾಗಿರಲಿ. ಇದಕ್ಕೆ ಹಣ ಬೇಕಿಲ್ಲ. ತಿಂಗಳಿಗೊಂದು ಸಂಜೆ, ಒಂದು ಕೋಣೆ, ಕೈಗಳಿಲ್ಲದ ಅಗಲವಾದ ಕುರ್ಚಿಗಳು ಸಾಕು. (ಕುರ್ಚಿಯ ಮಾತು ತಮಾಷೆಯದಲ್ಲ. ಕೈಗಳಿರುವ ಕುರ್ಚಿಯಲ್ಲಿ ಕೂತು ಏಳಲಾರದೆ ಒದ್ದಾಡಿದವರಿಗೆ ಗೊತ್ತು.) ರೋಗಿಯೊಡನೆ ಮನೆಯಲ್ಲಿ ಅಡುಗೆ ಮಾಡುವವರೂ ಬರಬೇಕು, ಅದು ಹೆಂಡತಿಯಾಗಲಿ, ಅತ್ತೆಯಾಗಲಿ, ಗಂಡನಾಗಲಿ.

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೂ ಒಂದು ಬಿನ್ನಹವಿದೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ "ಇನ್ನೊಂದು ಹೋಳಿಗೆ, ನಮ್ಮಾಣೆ" ಎಂದು ಬಡಿಸುವ ಕೈ ಪ್ರೀತಿಯದು, ಅಲ್ಲಗಳೆಯುವುದಿಲ್ಲ. ಆದರೆ ಎಲೆಯಲ್ಲಿ ಬಿಡಬಾರದೆಂಬ ಸಂಸ್ಕಾರವೂ ನಾಲ್ಕು ತುತ್ತಿಗೆ ತುಂಬುವ ಜಠರವೂ ಒಂದೇ ಎಲೆಯ ಮುಂದೆ ಕುಳಿತಾಗ ಆ ಮನುಷ್ಯ ಮುಂದಿನ ಕಾರ್ಯಕ್ರಮಕ್ಕೆ ಬರುವುದನ್ನೇ ಬಿಡುತ್ತಾನೆ. ಬೈಪಾಸ್ ಆದವರು ಸಿಹಿಯನ್ನು ಮಿತಿಮೀರಿ ತಿಂದರೆ ಎದೆ ಬಡಿದುಕೊಂಡು, ಬೆವೆತು, ತಲೆ ಸುತ್ತುತ್ತದೆ; ಡಂಪಿಂಗ್ ಎನ್ನುತ್ತಾರೆ. ಸಭಾಂಗಣದ ಮೂಲೆಯಲ್ಲಿ ಹಾಗೆ ಒರಗಿದವರೊಬ್ಬರಿಗೆ ಅಲ್ಲಿದ್ದವರು ಸಕ್ಕರೆ ಇಳಿದಿರಬೇಕೆಂದು ಇನ್ನೊಂದು ಲೋಟ ಪಾನಕ ಕುಡಿಸಿದರು! ಒಂದು ಭಾನುವಾರ ಪುಸ್ತಕ ಬಿಡುಗಡೆಯ ಬದಲು ಇಂಥ ವಿಷಯದ ಮೇಲೆ ಎರಡು ಗಂಟೆ ಮಾತಿಗೆ ಅವಕಾಶವಿತ್ತರೆ ಸಾಹಿತ್ಯಕ್ಕೆ ನಷ್ಟವಾಗಲಾರದು. ಗುಟ್ಟು ಕಾಯ್ದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿರುವವರು ಒಬ್ಬಿಬ್ಬರಾದರೂ ಅಲ್ಲಿ ಇದ್ದೇ ಇರುತ್ತಾರೆ.

ಮುಂದಿನ ತಿಂಗಳು ನಮ್ಮ ಪೈಕಿ ಇನ್ನೊಬ್ಬರ ಸರದಿ. ಹುಬ್ಬಳ್ಳಿಯ ಕಡೆಯವರು, ಮೂವತ್ನಾಲ್ಕು ವರ್ಷ, ಇಬ್ಬರು ಮಕ್ಕಳ ತಾಯಿ. ಅತ್ತೆಗೆ ಇನ್ನೂ ಹೇಳಿಲ್ಲ. ಶಿಕ್ಷಕಿ ಈ ಶನಿವಾರ ಅವರ ಮನೆಗೆ ಹೋಗುವವರಿದ್ದಾರೆ, ಮರಾಠಿ ಬೆರೆತ ತಮ್ಮ ಹಿಂದಿಯಲ್ಲಿ ಅತ್ತೆಯವರೊಡನೆ ಮಾತನಾಡಲು. ಭಾಷೆ ತೊಡಕಾದರೆ ಇರಲೆಂದು ನಮ್ಮನ್ನೂ ಕರೆದಿದ್ದಾರೆ.