ಸಂಸಾರದ ಲೆಕ್ಕ: ಮಗನ ಕಾರು, ತಂದೆಯ ವಿಮೆ



ಗಳಿಕೆಯಿಲ್ಲದ ವಿದ್ಯಾರ್ಥಿಯ ಕಾರಿಗೆ ಬ್ಯಾಂಕು ಸಾಲ ನೀಡುವುದು ಸಾಮಾನ್ಯವಾಗಿ ತಂದೆಯ ಸಹಿಯ ಮೇಲೆಯೇ. ಶೇಕಡಾ 10ರ ಬಡ್ಡಿಯಲ್ಲಿ 5 ಲಕ್ಷ ರೂಪಾಯಿ ಪಡೆದರೆ, 5 ವರ್ಷ ತಿಂಗಳಿಗೆ ಸುಮಾರು 10,600 ರೂಪಾಯಿ ಕಟ್ಟಬೇಕು. ಬಡ್ಡಿಯೇ ಸುಮಾರು 1,37,000 ರೂಪಾಯಿ. ನಡುವೆ ತಂದೆ ಲಿಂಗೈಕ್ಯನಾದರೆ, ಸಾಲ ಕೊಟ್ಟವರು ಅವನು ಬಿಟ್ಟುಹೋದ ಆಸ್ತಿಯಿಂದ ವಸೂಲಿಗೆ ತೊಡಗುವರು.

1874ರ ವಿವಾಹಿತ ಸ್ತ್ರೀಯರ ಆಸ್ತಿ ಅಧಿನಿಯಮದ 6ನೆಯ ಕಲಮು ಇಲ್ಲಿ ನೆರವಾಗುತ್ತದೆ. ಪತ್ನಿ-ಮಕ್ಕಳ ಹಿತಕ್ಕೆಂದು ಪುರುಷನು ಅದರಂತೆ ತನ್ನ ಜೀವದ ಮೇಲೆ ಮಾಡಿಸಿದ ವಿಮೆಯ ಹಣ ಅವರಿಗೇ ಮೀಸಲು. ವಂಚನೆಯ ಉದ್ದೇಶವಿಲ್ಲದಿದ್ದರೆ ಸಾಲ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ. ಪಾಲಿಸಿ ಕೊಳ್ಳುವಾಗಲೇ ಇದನ್ನು ಬರೆದುಕೊಡಬೇಕು. ನಾಮಿನಿಯ ಹೆಸರು ಬರೆದ ಮಾತ್ರಕ್ಕೆ ಈ ರಕ್ಷೆ ದೊರೆಯದು.

ಕಾಯಕದ ಗಳಿಕೆಯಲ್ಲಿ ಮೊದಲು ವಿಮೆ, ಅನಂತರ ವಾಹನ ಎಂಬುದು ನಮ್ಮ ವಿನಂತಿ.