ಭಯ ಯಾರ ಬಗ್ಗೆ, ನಂಬಿಕೆ ಯಾರ ಮೇಲೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿಗೇ ಹೋದರೂ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಸುರಕ್ಷತೆಯ ಪಾಠ ಒಂದೇ: ಗುರುತಿಲ್ಲದವರ ಜೊತೆ ಮಾತಾಡಬೇಡ, ಅವರು ಕೊಟ್ಟ ಚಾಕೊಲೇಟ್ ತಿನ್ನಬೇಡ, ದೊಡ್ಡವರು ಹೇಳಿದಂತೆ ಕೇಳು. ಇದರಲ್ಲಿ ಮೊದಲಿನದು ಅರ್ಧ ಸತ್ಯ. ಕೊನೆಯದು ಅಪಾಯಕಾರಿ ಎಂಬುದು ನಮ್ಮ ವಾದ.

ಅಪರಿಚಿತರ ಭಯ ಎಲ್ಲಿಗೆ ಮುಟ್ಟುತ್ತದೆಂಬುದನ್ನು ರಾಜ್ಯ 2018ರಲ್ಲೇ ಕಂಡಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಊರೂರು ಸುತ್ತುತ್ತಿದ್ದ ದಿನಗಳವು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ತಂಡವೊಂದರ ಮೇಲೆ ಮುರ್ಕಿ ಗ್ರಾಮದಲ್ಲಿ ಜನ ಮುಗಿಬಿದ್ದರು. ಹೈದರಾಬಾದಿನ ಯುವ ಇಂಜಿನಿಯರನೊಬ್ಬ ಪ್ರಾಣ ಬಿಟ್ಟ. ಊರಿಗೆ ಹೊಸಬನಾಗಿದ್ದುದೇ ಅವನ ಅಪರಾಧವಾಗಿತ್ತು.

ಈಗ ಕೋಲಾರ ಜಿಲ್ಲೆಗೇ ಬನ್ನಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗಿಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಹೊರಬಿತ್ತು. ಅದರ ಬೆನ್ನಲ್ಲೇ, ವಿದ್ಯಾರ್ಥಿನಿಯರು ಬಟ್ಟೆ ಬದಲಿಸುವುದನ್ನು ಮೊಬೈಲಿನಲ್ಲಿ ಸೆರೆಹಿಡಿದ ಆರೋಪದ ಮೇಲೆ ಚಿತ್ರಕಲಾ ಶಿಕ್ಷಕರೊಬ್ಬರ ವಿರುದ್ಧ ಪೋಕ್ಸೊ ಪ್ರಕರಣ ದಾಖಲಾಯಿತು. ಅದನ್ನು ರದ್ದುಪಡಿಸಲು ಹೈಕೋರ್ಟ್ 2024ರಲ್ಲಿ ನಿರಾಕರಿಸಿತು. ಗುಂಡಿಗಿಳಿದ ಮಕ್ಕಳು ಮನೆಯ ಯಾವ ಪಾಠವನ್ನು ಮರೆತಿದ್ದರು? ಅವರು ದೊಡ್ಡವರು ಹೇಳಿದಂತೆ ಕೇಳಿದ್ದರು.

ಬೀದಿಯಲ್ಲಿ ಅಪಾಯವಿಲ್ಲವೆಂದು ನಾವು ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಮಾಲೂರಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಬಾಲಕಿಯ ಕೊಲೆಯನ್ನು ಮರೆಯುವುದು ಹೇಗೆ? ಆದರೆ ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ಹೊಣೆ ಹೊತ್ತವರು ಎಂದಿತು. ಗಂಡುಮಕ್ಕಳೂ ಇದರಿಂದ ಹೊರತಾಗಿರಲಿಲ್ಲ.

ಮಗು ಧೈರ್ಯ ಮಾಡಿ ಬಾಯಿಬಿಟ್ಟರೆ ಸಿಗುವ ಉತ್ತರವೇನು? ‘ಯಾರಿಗೂ ಹೇಳಬೇಡ, ಮರ್ಯಾದೆ ಹೋಗುತ್ತದೆ.’ ಹೆಣ್ಣುಮಗುವಾದರೆ ಶಾಲೆ ಬಿಡಿಸಿ ಗಂಡು ಹುಡುಕುವವರೂ ಇದ್ದಾರೆ. ಕೈಹಾಕಿದವನು ಅದೇ ಕುರ್ಚಿಯಲ್ಲಿ ಉಳಿಯುತ್ತಾನೆ, ಹೇಳಿದವಳು ಹೊರಬೀಳುತ್ತಾಳೆ. ಇದನ್ನು ಕಂಡ ಇನ್ನೊಂದು ಮಗು ಬಾಯಿಬಿಟ್ಟೀತೇ? ಶಾಲೆಯಿರಲಿ, ಮದ್ರಸವಿರಲಿ, ಮಠವಿರಲಿ, ಕಾನ್ವೆಂಟಿರಲಿ, ಸಂಸ್ಥೆಯ ಹೆಸರು ಉಳಿಸಲು ಒಳಗೊಳಗೇ ಮಾಡುವ ರಾಜಿ ಮಗುವಿಗೆ ಬಗೆದ ದ್ರೋಹ.

ಕಾನೂನೂ ಅದನ್ನು ಅಪರಾಧವೆಂದೇ ಕರೆಯುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ವಿಷಯ ತಿಳಿದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ, ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ. ಮಗುವಿನ ಗುರುತು ಬಯಲಾಗುವಂತಿಲ್ಲ. ಮರ್ಯಾದೆಯ ಹೆದರಿಕೆ ಇರುವವರು ಇದನ್ನು ತಿಳಿದಿರಲಿ.

ಆದ್ದರಿಂದ ಪಾಠ ಬದಲಾಗಲಿ. ನಿನ್ನ ಮೈ ನಿನ್ನದು. ಮೇಷ್ಟ್ರಾಗಲಿ, ಹಜ್ರತ್ ಆಗಲಿ, ಮಾವನಾಗಲಿ, ಬೇಡವೆನಿಸಿದ್ದಕ್ಕೆ ಬೇಡ ಎನ್ನು. ಗುಟ್ಟಾಗಿಡು ಎಂದವರ ಮಾತನ್ನು ಮೊದಲು ಮನೆಯಲ್ಲಿ ಹೇಳು. ಮನೆಯಲ್ಲಿ ಕೇಳದಿದ್ದರೆ 1098ಕ್ಕೆ ಫೋನ್ ಮಾಡು. ಮಕ್ಕಳಿಗೆ ಇಷ್ಟು ಕಲಿಸಲು ಒಂದು ಸಂಜೆ ಸಾಕು. ಅವರು ಹೇಳಿದಾಗ ನಂಬುವುದನ್ನು ಕಲಿಯಬೇಕಾದವರು ಹಿರಿಯರು.